ಕಂದು ಚೀಟಿಯ ಟ್ರೇ

"ಎಪ್ಪತ್ತೇಳು ಅಂದ್ರೆ ಏನು ರೀ?" ಎಂದು ಹೆಂಡತಿ ಕೇಳಿದಾಗ ಅವನು ಹಲ್ಲುಜ್ಜುತ್ತಿದ್ದ. ಬಾಯಿ ತುಂಬ ನೊರೆ ಇದ್ದದ್ದು ಒಳ್ಳೆಯದೇ ಆಯಿತು, ತಕ್ಷಣ ಉತ್ತರ ಕೊಡಬೇಕಾಗಿರಲಿಲ್ಲ. "ನಿದ್ದೆಯಲ್ಲಿ ಎಣಿಸ್ತಿದ್ರಿ. ಒಂದರಿಂದ ಶುರು ಮಾಡಿ ಎಪ್ಪತ್ತೇಳಕ್ಕೆ ನಿಲ್ಲಿಸೋದು, ಮತ್ತೆ ಒಂದರಿಂದ. ನೂರಾದ್ರೂ ಮುಟ್ಟಬಾರದಾ ಅಂತ ಕಾದು ಕಾದು ನನ್ನ ನಿದ್ದೆ ಹೋಯ್ತು." ಅವಳು ನಕ್ಕು ಒಳಗೆ ಹೋದಳು. ಅವನು ನೊರೆ ಉಗಿದು ಕನ್ನಡಿಯಲ್ಲಿ ತನ್ನ ಬಾಯನ್ನೇ ನೋಡಿಕೊಂಡ. ಹೋದ ತಿಂಗಳು ಹಲ್ಲಿನ ಡಾಕ್ಟರು ಹೇಳಿದ್ದರು, ರಾತ್ರಿಯಿಡೀ ಹಲ್ಲು ಕಚ್ಚಿಕೊಂಡು ಮಲಗುತ್ತೀರಿ, ದವಡೆ ಹಲ್ಲು ಸವೆದು ಚಪ್ಪಟೆಯಾಗಿವೆ ಎಂದು. ಅಷ್ಟು ಬಿಗಿಯಾಗಿ ಮುಚ್ಚಿದ ಬಾಯಿಂದ ಎಪ್ಪತ್ತೇಳು ಸಂಖ್ಯೆಗಳು ಹೊರಗೆ ಬಂದದ್ದಾದರೂ ಹೇಗೆ? ಬಾಯಿ ತೆರೆದಿರಲಿಕ್ಕಿಲ್ಲ. ತೆರೆದಿದ್ದರೆ ಅವನಿಗೇ ಎಚ್ಚರವಾಗುತ್ತಿತ್ತು. ಹೀಗೆ ಯೋಚಿಸಿ, ಇದೆಂಥ ಹುಚ್ಚು ವಾದ ಎಂದು ಅವನಿಗೇ ನಾಚಿಕೆಯಾಗಿ, ಮುಖ ತೊಳೆದುಕೊಂಡ.

ಬಸ್ ನಿಲ್ದಾಣದಲ್ಲಿ ಇವತ್ತೂ ಒಬ್ಬರು ಕಂಡರು. ಅರವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಕೊಡೆ. ಎಡಗಡೆ ಭುಜದ ಮೂಳೆಯ ಕೆಳಗೆ ಎರಡು ಬೆರಳಿಟ್ಟು, ಅಲ್ಲಿ ಏನೋ ಇದೆ, ಇದೆಯಲ್ಲವೇ ಎಂದು ನೋಡಿಕೊಳ್ಳುವ ಹಾಗೆ ಒತ್ತಿ, ಕೈ ತೆಗೆದರು. ಏಳು ವರ್ಷದಿಂದ ಅವನಿಗೆ ಇಂಥವರೇ ಕಾಣುವುದು. ಮೊದಲು ಇಷ್ಟು ಜನ ಎದೆ ಮುಟ್ಟಿಕೊಳ್ಳುತ್ತಿದ್ದರೋ, ಅವನು ಗಮನಿಸುತ್ತಿರಲಿಲ್ಲವೋ. ಅಂಗಡಿಯ ಸಾಲಿನಲ್ಲಿ, ಬ್ಯಾಂಕಿನ ಬೆಂಚಿನಲ್ಲಿ, ಒಮ್ಮೆ ಸಿನಿಮಾ ಪರದೆಯ ಮೇಲೆ ಹಿಂದೆ ನಿಂತ ಗುಂಪಿನಲ್ಲಿ ಕೂಡ. ಅವನು ಕೊಡೆಯ ಹೆಂಗಸಿನಿಂದ ಮುಖ ತಿರುಗಿಸಿ ನಿಂತ. ಬಸ್ಸಿನಲ್ಲಿ ಅವರು ಅವನ ಹಿಂದಿನ ಸೀಟಿಗೇ ಬಂದು ಕೂತರು. ದಾರಿಯುದ್ದಕ್ಕೂ ಅವನಿಗೆ ಬೆನ್ನ ಹಿಂದಿನ ಬಡಿತ ಎಣಿಸುತ್ತ ಕೂರುವುದು ಬಿಟ್ಟು ಬೇರೇನೂ ಆಗಲಿಲ್ಲ. ಒಂದು, ಎರಡು, ಮೂರು. ಎಣಿಸಿದ್ದು ತನ್ನದೇ ನಾಡಿಯನ್ನು ಎಂದು ಗೊತ್ತಾದದ್ದು ಇಳಿಯುವ ಹೊತ್ತಿಗೆ.

ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಬಾಣಸಿಗ ಎಂದೇ ಕರೆಯುವುದು. ಅವನ ಕೆಲಸ ಒಲೆಯ ಕೋಣೆಯಲ್ಲಿ. ಬೆರಳ ಉಗುರಿನಷ್ಟು ಅಗಲದ ನೆನಪಿನ ಚಿಪ್‌ಗಳನ್ನು ಟ್ರೇಯಲ್ಲಿ ಜೋಡಿಸಿ ಉಕ್ಕಿನ ಒಲೆಯೊಳಗಿಟ್ಟು ಆರು ವಾರ ಬೇಯಿಸುವುದು, ತೆಗೆದು, ಆರಿಸಿ, ಒಳಗೆ ಬರೆದಿಟ್ಟದ್ದು ಇನ್ನೂ ಇದೆಯೇ ಎಂದು ಯಂತ್ರದಲ್ಲಿ ಓದುವುದು. ಇದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಒಲೆಯ ಆರು ವಾರವೆಂದರೆ ಹೊರಗಿನ ಎಷ್ಟೋ ವರ್ಷ. "ಏನ್ರೀ ಬಾಣಸಿಗರೇ, ಬೆಂತಾ?" ಎಂದು ಹೋಗುವವರು ಬರುವವರೆಲ್ಲ ಕೇಳುತ್ತಾರೆ. ಅವನೂ "ಉಪ್ಪು ಕಮ್ಮಿ" ಎನ್ನುತ್ತಾನೆ. ಹದಿನಾರು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ. ಯಾರಾದರೂ ಬೇರೆ ಥರ ಕೇಳಿಬಿಟ್ಟರೆ ಏನು ಹೇಳಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಕೆಲಸ ಕಲಿಸಿದ ಮುದಿ ಇಂಜಿನಿಯರು, ಈಗಿಲ್ಲ, ಮೊದಲ ದಿನವೇ ಅವನನ್ನು ಕೂರಿಸಿಕೊಂಡು ವಿವರಿಸಿದ್ದರು. ಚಿಪ್‌ನ ಒಳಗೆ ಲಕ್ಷಾಂತರ ಕೋಶಗಳು, ಒಂದೊಂದರಲ್ಲೂ ಕೆಲವೇ ನೂರು ಎಲೆಕ್ಟ್ರಾನುಗಳನ್ನು ಕೂಡಿ ಹಾಕಿ ಸುತ್ತ ಗಾಜಿನಂಥ ಗೋಡೆ ಕಟ್ಟಿರುತ್ತಾರೆ. ಬಾಗಿಲಿಲ್ಲ, ಕಿಟಕಿಯಿಲ್ಲ. ಕೂಡಿ ಹಾಕಿದ್ದರೆ ಸೊನ್ನೆ, ಖಾಲಿಯಾದರೆ ಒಂದು. "ಆದ್ರೂ ಹೋಗ್ತವೆ ಕಣಯ್ಯ. ಗೋಡೆ ಹಾರಲ್ಲ, ಹಾರೋ ಶಕ್ತಿ ಅದಕ್ಕಿಲ್ಲ. ಕೊರೆಯೋದೂ ಇಲ್ಲ, ಗೋಡೆ ಇದ್ದ ಹಾಗೇ ಇರುತ್ತೆ. ಒಳಗಿತ್ತು, ಈಗ ನೋಡಿದ್ರೆ ಹೊರಗಿದೆ. ನಡುವೆ ಎಲ್ಲಿತ್ತು ಅಂತ ಮಾತ್ರ ಕೇಳಬೇಡ." ಗೋಡೆ ತೆಳುವಾದಷ್ಟೂ ದಾಟುವುದು ಸುಲಭ. ಬಹಳ ದುಡಿದ ಗೋಡೆಯಲ್ಲಿ ಕಣ್ಣಿಗೆ ಕಾಣದ ಗಾಯಗಳಾಗಿರುತ್ತವೆ, ಬಿಸಿ ತಗುಲಿದರೆ ಆ ಗಾಯಗಳ ಮೇಲೆ ಕೂತು ಎದ್ದು ಕೂತು ಎದ್ದು ಇನ್ನೂ ಬೇಗ ದಾಟುತ್ತವೆ. ಅವನಿಗಾಗ ಇಪ್ಪತ್ತೇಳು ವರ್ಷ. ಮನೆಗೆ ಹೋಗಿ ಮಲಗುವ ಕೋಣೆಯ ಗೋಡೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತಿದ್ದ. ಗೋಡೆ ತಣ್ಣಗಿತ್ತು. ಅವನ ಅಂಗೈ ಗೋಡೆಯ ಈಚೆಗೇ ಇತ್ತು.

ಹನ್ನೊಂದು ಗಂಟೆಗೆ ಹೊಸ ಮ್ಯಾನೇಜರಮ್ಮ ಬಂದರು. ಅವನಿಗಿಂತ ಹದಿನೈದು ವರ್ಷ ಚಿಕ್ಕವರು, ನಡೆಯುವಾಗಲೇ ಅರ್ಧ ಮಾತು ಮುಗಿಸುವವರು. "ಆ ಹಳೆ ಬೀರು ಇವತ್ತು ಖಾಲಿ ಆಗ್ಬೇಕು. ನಾಲ್ಕು ಗಂಟೆಗೆ ಗಾಡಿ ಬರುತ್ತೆ, ಹಳೆ ಸ್ಯಾಂಪಲ್ಲೆಲ್ಲ ಪುಡಿ ಮಾಡೋಕೆ ಹೋಗುತ್ತೆ. ಅದರಲ್ಲಿ ಇಟ್ಕೋಬೇಕಾದ್ದು ಏನಾದ್ರೂ ಇದೆಯಾ?" ಅವನು "ಏನೂ ಇಲ್ಲ ಮೇಡಂ" ಎಂದ. ಅಷ್ಟು ಬೇಗ ಹೇಳಿದ್ದು ತಪ್ಪಾಯಿತೇನೋ ಎನಿಸಿತು. ಅವರು ಒಂದು ಗಳಿಗೆ ಅವನನ್ನೇ ನೋಡಿದರು, ಅಥವಾ ಹಾಗೆ ಅವನಿಗೆ ತೋರಿತು. "ಹುಷಾರಾಗಿದ್ದೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು.

ಬೀರುವಿನ ಕೆಳಗಿನ ಅರೆಯಲ್ಲಿ, ಹಿಂದೆ, ಅವನೇ ಒಂದರ ಮೇಲೊಂದು ಪೇರಿಸಿದ ಖಾಲಿ ಡಬ್ಬಗಳ ಮರೆಯಲ್ಲಿ ಆ ಎರಡು ಟ್ರೇಗಳಿದ್ದವು. ಒಂದರ ಚೀಟಿ ಬೆಳ್ಳಗೆ, ಇನ್ನೊಂದರದ್ದು ಕಂದು. ಒಟ್ಟಿಗೆ ತಯಾರಾದ ಪ್ರತಿ ಲಾಟಿನಿಂದ ಎಪ್ಪತ್ತೇಳು ಚಿಪ್ ಒಲೆಗೆ ಹೋಗುತ್ತವೆ, ಹೋಲಿಸಿ ನೋಡಲು ಇನ್ನು ಎಪ್ಪತ್ತೇಳು ಬೀರುವಿನಲ್ಲೇ ತಣ್ಣಗೆ ಕೂರುತ್ತವೆ. ಆರು ವಾರದ ಬಿಸಿಗೆ ಒಲೆಯ ಟ್ರೇಯ ಕಾಗದದ ಚೀಟಿ ಕಂದಾಗುತ್ತದೆ. ಓದುವ ಮುಂಚೆ ಚೀಟಿಯ ಬಣ್ಣ ನೋಡು, ಆಮೇಲೆ ನಂಬರು ನೋಡು ಎಂದು ಮುದಿ ಇಂಜಿನಿಯರು ಹೇಳಿಕೊಟ್ಟದ್ದು ಅದಕ್ಕೇ. ಏಳು ವರ್ಷದ ಹಿಂದೆ ಒಂದು ಬೆಳಿಗ್ಗೆ ಎರಡೂ ಟ್ರೇಗಳು ಮೇಜಿನ ಮೇಲಿದ್ದಾಗ ಫೋನ್ ಬಂತು. ಅಕ್ಕ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಬಿದ್ದಿದ್ದಾಳೆ, ಕರೆದರೆ ಮಾತಿಲ್ಲ, ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಾರೆ. ಅಕ್ಕನೆಂದರೆ ಅವನಿಗೆ ಅಮ್ಮನೂ ಹೌದು. ಹೆತ್ತವಳು ಹೋದಾಗ ಅವನಿಗೆ ಆರು, ಅವಳಿಗೆ ಹದಿನೇಳು. ಲಾಟ್ ಅವತ್ತೇ ಹೊರಡಬೇಕಿತ್ತು, ಫೋನಿಟ್ಟು ಓಡಿಬಂದು ಕೈಗೆ ಸಿಕ್ಕಿದ ಟ್ರೇಯನ್ನು ಓದಿದ. ಎಪ್ಪತ್ತೇಳೂ ಹಸಿರು. ಒಂದು ಕೋಶವೂ ಕದಲಿರಲಿಲ್ಲ. ಸಹಿ ಹಾಕಿ ಆಸ್ಪತ್ರೆಗೆ ಓಡಿದ. ಮೂರು ವಾರದ ಮೇಲೆ ಬೀರುವಿನಲ್ಲಿ ಬಿಳಿ ಚೀಟಿ ಇರಬೇಕಾದ ಜಾಗದಲ್ಲಿ ಕಂದು ಚೀಟಿ ಕಂಡಿತು. ಅವನು ಓದಿದ್ದು ಒಲೆಗೇ ಹೋಗದ ಟ್ರೇಯನ್ನು. ಬೆಂದದ್ದನ್ನು ಯಾರೂ ಓದಿಯೇ ಇರಲಿಲ್ಲ.

ಹೇಳಬಹುದಿತ್ತು. ಆದರೆ ಆ ಹಿಂದಿನ ವರ್ಷವಷ್ಟೇ ಒಂದು ಸಣ್ಣ ತಪ್ಪನ್ನು, ಒಲೆಯ ಬಾಗಿಲು ಹತ್ತು ನಿಮಿಷ ಹೆಚ್ಚು ತೆರೆದಿಟ್ಟದ್ದನ್ನು, ತಾನಾಗಿ ಹೇಳಿದ್ದಕ್ಕೆ ಆಗಿನ ಮ್ಯಾನೇಜರು ಅವನನ್ನು ಮೀಟಿಂಗಿನಲ್ಲಿ ನಿಲ್ಲಿಸಿ, ಬರೆದುಕೊಟ್ಟದ್ದನ್ನು ಜೋರಾಗಿ ಓದಿಸಿದ್ದರು. ನಾಲಿಗೆ ತೊದಲಿತ್ತು. "ಬಾಣಸಿಗರ ಬಾಯೇ ಸುಟ್ಟುಹೋಯ್ತಲ್ಲಪ್ಪ" ಎಂದು ಯಾರೋ ಹಿಂದಿನಿಂದ ಅಂದು, ಕೋಣೆಯೆಲ್ಲ ನಕ್ಕಿತ್ತು. ಆ ನಗು ಇವತ್ತಿಗೂ ಅವನ ಕಿವಿಯ ಹಿಂದೆ ಬಿಸಿಯಾಗಿ ಕೂತಿದೆ. ಯಾರಾದರೂ ಕೇಳಿದರೆ ಹೇಳೋಣ ಎಂದುಕೊಂಡ. ಯಾರೂ ಕೇಳಲಿಲ್ಲ. ಲಾಟ್ ಹೊರಟುಹೋಗಿತ್ತು. ರವಾನೆಯ ಗುಮಾಸ್ತ ಒಂದು ದಿನ ಊಟದ ಮೇಜಿನಲ್ಲಿ ಮಾತಿಗೆ ಮಾತು ಬಂದು, ಆ ಲಾಟ್ ಪೂರ್ತಿ ಪೇಸ್‌ಮೇಕರ್ ಮಾಡೋರಿಗೆ ಹೋಯ್ತು ಎಂದ. ಮರುವರ್ಷ ಮಾತ್ರೆಗಳು ಸಾಲದೆ, ಬಡಿತ ತಪ್ಪದಿರಲೆಂದು ಅಕ್ಕನ ಎದೆಗೆ ಪೇಸ್‌ಮೇಕರ್ ಹಾಕಿದರು. ಅವಳು ಕೊಟ್ಟ ಕಾರ್ಡಿನ ಮೇಲೆ ಆ ಮಾಡುವವರದೇ ಹೆಸರು, ಲಾಟ್ ಹೋದ ವರ್ಷದ್ದೇ ತಯಾರಿಕೆಯ ತಾರೀಖು.

ಅವತ್ತಿನಿಂದ ಪ್ರತಿ ಭಾನುವಾರ ಅವನು ಅಕ್ಕನ ಮನೆಗೆ ಹೋಗುತ್ತಾನೆ. ಕಂದು ಟ್ರೇಯನ್ನು ಓದುವುದು ಅರ್ಧ ಗಂಟೆಯ ಕೆಲಸ, ಯಾವ ದಿನ ಬೇಕಾದರೂ ಓದಬಹುದಿತ್ತು. ಎಲ್ಲ ಹಸಿರು ಬಂದಿದ್ದರೆ ಆ ಗಳಿಗೆಯೇ ಅವನು ಹಗುರ. ಒಂದು ಕೆಂಪು ಬಂದರೆ? ಓದದೆ ಇರುವವರೆಗೆ ಅದು ಹಸಿರೂ ಅಲ್ಲ, ಕೆಂಪೂ ಅಲ್ಲ. ಆ ನಡುವಿನ ಜಾಗದಲ್ಲಿ ಅವನು ಏಳು ವರ್ಷ ಸಂಸಾರ ಮಾಡಿದ್ದಾನೆ. ಅಲ್ಲಿಂದಲೇ ಸಂಬಳ ತಂದಿದ್ದಾನೆ, ಭಾವ ತೀರಿಕೊಂಡಾಗ ಅಕ್ಕನ ಪಕ್ಕ ಕೂತಿದ್ದಾನೆ, ನಕ್ಕಿದ್ದಾನೆ.

ಈಗ ನಾಲ್ಕು ಗಂಟೆಗೆ ಗಾಡಿ. ಟ್ರೇಯನ್ನು ಕಸದ ಡಬ್ಬಕ್ಕೆ ಹಾಕಿದರೆ ಮುಗಿಯಿತು, ಇನ್ನು ಯಾರೂ, ಅವನೂ, ಓದಲಾರರು. ಡಬ್ಬಕ್ಕೆ ಹಾಕಿದ. ಊಟಕ್ಕೆ ಹೋದ, ಡಬ್ಬಿ ತೆರೆದ, ಎರಡು ತುತ್ತು ತಿಂದ. ವಾಪಸು ಬಂದು ನೋಡಿದರೆ ಕಂದು ಚೀಟಿಯ ಟ್ರೇ ಯಂತ್ರದ ಪಕ್ಕದಲ್ಲಿತ್ತು. ಬೀಗ ಹಾಕಿದ ಕೋಣೆಗೆ ಇನ್ನಾರೂ ಬರಲಾರರು, ಕೀಲಿ ಅವನ ಜೇಬಿನಲ್ಲೇ ಇದೆ. ತಾನೇ ತೆಗೆದಿಟ್ಟಿರಬೇಕು. ಬೆರಳುಗಳಿಗೆ ಡಬ್ಬದ ತಳದ ಧೂಳು ಮೆತ್ತಿತ್ತು, ಸರಿ, ತಾನೇ. ಆದರೆ ಬಗ್ಗಿದ್ದು, ಎತ್ತಿದ್ದು, ಇಟ್ಟದ್ದು ಒಂದೂ ನೆನಪಿಲ್ಲ. ಅದು ಅಲ್ಲಿತ್ತು, ಈಗ ಇಲ್ಲಿದೆ. ಒಲೆ ಮೂಲೆಯಲ್ಲಿ ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು.

ಓದಿದ. ಒಂದೊಂದನ್ನೂ ಚಿಮುಟದಿಂದ ಎತ್ತಿ ಗೂಡಿನಲ್ಲಿಟ್ಟು ಮುಚ್ಚಳ ಒತ್ತಿದರೆ ಎಂಟು ಸೆಕೆಂಡಿಗೆ ದೀಪ. ಹಸಿರು. ಹಸಿರು. ಇಪ್ಪತ್ತು ದಾಟಿದ ಮೇಲೆ ಸ್ಟೂಲೆಳೆದು ಕೂತ. ನಲವತ್ತು ದಾಟಿದಾಗ ಅವನು ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ಏಳು ವರ್ಷ ಸುಮ್ಮನೆ ಹಲ್ಲು ಸವೆಸಿದೆನಲ್ಲ, ಸಂಜೆ ಹೆಂಡತಿಗೆ ಏನಾದರೂ ಕೊಂಡುಹೋಗಬೇಕು. ಅರವತ್ತೆರಡನೆಯದಕ್ಕೆ ದೀಪ ಕೆಂಪಾಯಿತು. ತೆಗೆದು, ಒರೆಸಿ, ಮತ್ತೆ ಇಟ್ಟ. ಕೆಂಪು. ಪರದೆಯ ಮೇಲೆ ಒಂದೇ ಒಂದು ಸಾಲು. ಲಕ್ಷಾಂತರ ಕೋಶಗಳಲ್ಲಿ ಒಂದು, ಸೊನ್ನೆ ಇರಬೇಕಾದ ಕಡೆ ಒಂದು. ಒಂದು ಕೋಶ ಹೋದರೆ ಆ ಲಾಟೇ ಹೋಯಿತು, ನಿಯಮ ಅಷ್ಟೇ. ಬೀರುವಿನ ಏಳು ವರ್ಷದಲ್ಲಿ ಹೋಗಿರಬಹುದಲ್ಲ ಎಂದು ಮನಸ್ಸು ತಕ್ಷಣ ದಾರಿ ಹುಡುಕಿತು. ಬಿಳಿ ಚೀಟಿಯ ಟ್ರೇಯೂ ಅದೇ ಬೀರುವಿನಲ್ಲಿ ಅದೇ ಏಳು ವರ್ಷ ಕೂತಿತ್ತು. ಅದನ್ನೂ ಓದಿದ, ಇದೂ ಕೆಡಲಿ, ಒಂದಾದರೂ ಕೆಡಲಿ ಎಂದು ಬೇಡಿಕೊಳ್ಳುತ್ತ ಓದಿದ. ಎಪ್ಪತ್ತೇಳೂ ಹಸಿರು. ಹೋಲಿಸಿ ನೋಡಲೆಂದು ಇಟ್ಟದ್ದು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಅವನು ಎರಡೂ ಟ್ರೇಗಳನ್ನು ಊಟದ ಚೀಲದಲ್ಲಿ ಹಾಕಿಕೊಂಡು, ಮ್ಯಾನೇಜರಮ್ಮನಿಗೆ ತಲೆನೋವೆಂದು ಹೇಳಿ, ಹೊರಟ.

ಅಕ್ಕ ಮುಂದಿನ ಕೋಣೆಯಲ್ಲಿ ಯಾರದೋ ಕೋಟಿನ ಒಳಮೈಗೆ ಅಸ್ತರಿನ ಬಟ್ಟೆ ಕೂರಿಸುತ್ತಿದ್ದಳು. ಯಂತ್ರದ ಸದ್ದು ಬೀದಿಯಿಂದಲೇ ಕೇಳಿಸಿತು, ಒಂದೇ ಸಮ, ಮತ್ತೆ ನಿಂತು, ಮತ್ತೆ ಒಂದೇ ಸಮ. "ಇದೇನೋ, ಇವತ್ತು ಭಾನುವಾರ ಅಲ್ವಲ್ಲ" ಎಂದಳು, ತಲೆಯೆತ್ತದೆ. ಅವನು ಸ್ಟೂಲಿನ ಮೇಲೆ ಕೂತ. ಬಟ್ಟೆಯ ಚೂರುಗಳು ಕಾಲಿಗೆ ತಾಗಿದವು.

"ಅಕ್ಕ, ನಿನಗೊಂದು ವಿಷಯ ಹೇಳ್ಬೇಕು."

"ಹೇಳು."

ಹೇಳಿದ. ಟ್ರೇ, ಚೀಟಿ, ಫೋನು, ಸಹಿ, ಮೀಟಿಂಗಿನ ನಗು, ರವಾನೆಯ ಗುಮಾಸ್ತ, ಇವತ್ತಿನ ಕೆಂಪು ದೀಪ. ಏಳು ವರ್ಷ ಎದೆಯ ಮೇಲೆ ಬಂಡೆಯಂತಿದ್ದದ್ದು ಹೇಳಹೊರಟರೆ ಆರು ನಿಮಿಷದ ಮಾತಾಗಿತ್ತು. ಮುಗಿದ ಮೇಲೆ ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು.

"ಅಷ್ಟೇನಾ?"

"ನಾಳೆನೇ ಆಸ್ಪತ್ರೆಗೆ ಹೋಗೋಣ. ಬದಲಾಯಿಸಬಹುದು, ಏನೂ ತೊಂದರೆ ಇಲ್ಲ, ಒಂದು ದಿನದ ಕೆಲಸ..."

"ಬದಲಾಯಿಸಿ ಎರಡು ವರ್ಷ ಆಯ್ತು ಕಣೋ."

ಅಕ್ಕ ಕೋಟನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡಳು. "ನಾದಿನಿ ಮನೆಗೆ ಹೋಗಿದ್ದೆ ಅಂದಿದ್ನಲ್ಲ, ನಾಲ್ಕು ದಿನ. ಆಸ್ಪತ್ರೆಗೆ ಹೋಗಿದ್ದೆ. ಬ್ಯಾಟರಿ ಇನ್ನೂ ಮೂರು ವರ್ಷ ಬರುತ್ತಮ್ಮ ಅಂದ್ರು ಡಾಕ್ಟ್ರು. ಬೇಡ, ಈಗಲೇ ಬದಲಾಯಿಸಿ ಅಂತ ಹಟ ಮಾಡ್ದೆ."

"ನಿನಗೆ ಯಾರು ಹೇಳಿದ್ರು?"

"ನೀನೇ. ಜ್ವರ ಬಂದು ಒಂದು ಮಧ್ಯಾಹ್ನ ಇಲ್ಲೇ ಮಲಗಿದ್ದೆ, ನೆನಪಿದೆಯಾ? ಎಪ್ಪತ್ತೇಳರವರೆಗೆ ಎಣಿಸಿದೆ. ಆಮೇಲೆ ಅಂದೆ, ಅಕ್ಕನ ಎದೆಯಲ್ಲಿದೆ, ನಾನು ಓದಿಲ್ಲ, ನಾನು ಓದಿಲ್ಲ ಅಂತ. ನನಗೆ ನಿನ್ನ ಚಿಪ್ಪು ಗಿಪ್ಪು ಒಂದೂ ಅರ್ಥ ಆಗಲ್ಲ. ಆದ್ರೆ ನೀನು ಬಂದಾಗೆಲ್ಲ ನನ್ನ ಮುಖ ನೋಡ್ತಿರಲಿಲ್ಲ, ಇಲ್ಲಿ ನೋಡ್ತಿದ್ದೆ." ಎಡ ಭುಜದ ಕೆಳಗೆ ಎರಡು ಬೆರಳಿಟ್ಟಳು. "ಅಳತೆ ತೆಗೆಯೋಳು ನಾನು. ಯಾರ ಕಣ್ಣು ಎಲ್ಲಿ ಬೀಳುತ್ತೆ ಅಂತ ನನಗೆ ಗೊತ್ತಾಗಲ್ವಾ?"

ಹಲ್ಲು ಕಚ್ಚಿಕೊಂಡೇ ಇದ್ದೆನಲ್ಲ, ಎಂದುಕೊಂಡ ಅವನು. ಗೋಡೆ ಗಟ್ಟಿಯಾಗಿಯೇ ಇತ್ತು, ಎಲ್ಲೂ ತೂತಿರಲಿಲ್ಲ, ದಿನವೂ ತಡವಿ ನೋಡುತ್ತಿದ್ದ. ಆದರೂ ಒಳಗಿನ ಗುಟ್ಟು ಎರಡು ವರ್ಷದಿಂದ ಹೊರಗಿತ್ತು, ಅಕ್ಕನ ಕೋಣೆಯಲ್ಲಿ, ಬಟ್ಟೆಯ ಚೂರುಗಳ ನಡುವೆ, ಅವನು ಪ್ರತಿ ಭಾನುವಾರ ಅದರ ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದ. "ಮತ್ತೆ ನನಗ್ಯಾಕೆ ಹೇಳಲಿಲ್ಲ?" ಎಂದ. ದನಿಯಲ್ಲಿ ಸಿಟ್ಟಿತ್ತು, ಸಿಟ್ಟು ಮಾಡಲು ತನಗೇನು ಹಕ್ಕಿದೆ ಎಂದು ಗೊತ್ತಿದ್ದೂ ಇತ್ತು.

ಅಕ್ಕ ಕೋಟಿನ ಮಡಿಕೆ ಬಿಡಿಸಿ ಮತ್ತೆ ಮಡಿಸಿದಳು. "ಹೇಳಿದ್ರೆ ನಿನ್ನ ಎದೆ ಹಗುರ ಆಗ್ತಿತ್ತು. ಹಗುರ ಆದ್ಮೇಲೆ ನೀನು ಪ್ರತಿ ಭಾನುವಾರ ಬರ್ತಿದ್ದೆಯಾ? ಭಾವ ಹೋದ್ಮೇಲೆ ಈ ಮನೆಯಲ್ಲಿ ಮಾತಾಡೋದು ಈ ಮಿಷನ್ ಒಂದೇ. ನನ್ನದೂ ತಪ್ಪೇ, ಇಲ್ಲ ಅನ್ನಲ್ಲ."

ಎದ್ದು ಹೋಗಿ ಗುಂಡಿಗಳ ಡಬ್ಬ ತಂದಳು. ಬಿಳಿ, ಕಪ್ಪು, ಹಿತ್ತಾಳೆಯ ಗುಂಡಿಗಳ ನಡುವೆ ಬೆರಳಾಡಿಸಿ ಒಂದನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ನುಣುಪಾದ ಲೋಹ, ಅಂಚು ದುಂಡಗೆ, ಕೋಟಿನ ದೊಡ್ಡ ಗುಂಡಿಗಿಂತ ಸ್ವಲ್ಪ ಅಗಲ. "ಹಳೇದನ್ನ ಕೇಳಿ ಇಸ್ಕೊಂಡೆ. ಹೊರಗೆ ತೆಗೆದ್ರೂ ನಡೀತಾನೇ ಇರುತ್ತಮ್ಮ ಅಂದ್ರು ಡಾಕ್ಟ್ರು, ಬ್ಯಾಟರಿ ಇರೋತನಕ. ಹೊರಗೆ ಬಂದಿದ್ದೀನಿ ಅಂತ ಅದಕ್ಕೆ ಗೊತ್ತಾಗಲ್ವಂತೆ." ಅವನು ಅದನ್ನು ಕಿವಿಗೆ ಹಿಡಿದ. ಏನೂ ಕೇಳಿಸಲಿಲ್ಲ, ಕೇಳಿಸುವಂಥದ್ದಲ್ಲವೆಂದು ಅವನಿಗೆ ಗೊತ್ತು. ಎರಡು ವರ್ಷದಿಂದ ಗುಂಡಿಗಳ ನಡುವೆ ಮಲಗಿ, ನಿಮಿಷಕ್ಕೆ ಅರವತ್ತು ಸಲ, ಇಲ್ಲದ ಹೃದಯಕ್ಕೆ ಬಡಿ, ಬಡಿ ಎಂದು ಹೇಳುತ್ತಲೇ ಇದೆ. ಅದನ್ನು ಕೆಳಗಿಡಲೂ ಭಯ, ಹಿಡಿದಿರಲೂ ಭಯ.

"ತಗೊಂಡು ಹೋಗು, ನಿನ್ನ ಮಿಷನ್ನಲ್ಲಿ ಓದು" ಎಂದಳು ಅಕ್ಕ. ಆಮೇಲೆ, ಕೋಟನ್ನು ಮತ್ತೆ ಕೈಗೆತ್ತಿಕೊಂಡು, ಸಾಮಾನ್ಯ ದನಿಯಲ್ಲಿ ಕೇಳಿದಳು: "ಆ ಲಾಟಲ್ಲಿ ಒಟ್ಟು ಎಷ್ಟಿದ್ವು?"

"ಎರಡು ಸಾವಿರದ ಮುನ್ನೂರು."

"ಅವರ ತಮ್ಮಂದಿರೂ ನಿದ್ದೆಯಲ್ಲಿ ಮಾತಾಡ್ತಾರಾ?"

ಬಸ್ ನಿಲ್ದಾಣದ ಹೆಂಗಸಿನ ಎರಡು ಬೆರಳು ಅವನ ಕಣ್ಣ ಮುಂದೆ ಬಂದವು. ಅವರು ಯಾರೋ, ಅಲ್ಲಿ ಏನಿತ್ತೋ, ಏನೂ ಇರಲಿಲ್ಲವೋ. ಅಕ್ಕನ ಎದೆಯ ಮೇಲಿದ್ದ ಭಯ ಇಳಿದ ಗಳಿಗೆಯಲ್ಲೇ ಅದು ಎರಡು ಸಾವಿರದ ಮುನ್ನೂರಾಗಿ ಒಡೆದು ಬೀದಿಬೀದಿಗೆ ಹೋಗಿ ಕೂತಿತ್ತು. ಅಕ್ಕ ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದು, ಪೆನ್ಸಿಲ್ಲಿನ ಜೊತೆ ಅವನ ಮುಂದೆ ಚಾಚಿದಳು. ಅವನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಜಾಗ ಮಾಡಿಕೊಂಡು ಬರೆದ. ಲಾಟಿನ ನಂಬರು, ತಾರೀಖು, ಅರವತ್ತೆರಡನೆಯ ಚಿಪ್. ಕಂದು ಚೀಟಿಯ ಟ್ರೇಯನ್ನು ಓದದೆ ನಾನು ಸಹಿ ಹಾಕಿದೆ. ಗೊತ್ತಾದ ಮೇಲೂ ಹೇಳಲಿಲ್ಲ.

"ಓದು" ಎಂದಳು ಅಕ್ಕ.

"ನಿನಗೆ ಗೊತ್ತಲ್ಲ."

"ಜೋರಾಗಿ ಓದು. ನಾಳೆ ಕಾರ್ಖಾನೇಲಿ ನಗೋರು ಇರ್ತಾರೆ."

ಓದಿದ. ಎರಡನೆಯ ಸಾಲಿನಲ್ಲೇ ನಾಲಿಗೆ ತೊದಲಿತು, ಕಿವಿಯ ಹಿಂದೆ ಬಿಸಿಯಾಯಿತು. "ಮೊದಲಿಂದ" ಎಂದಳು. ಯಂತ್ರ ನಿಂತಿತ್ತು, ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ, ಎಡಗೈ ಮುಷ್ಟಿಯೊಳಗೆ ಹಳೆಯ ಪೇಸ್‌ಮೇಕರ್ ಯಾರಿಗೂ ಕೇಳದಂತೆ ತನ್ನ ಲೆಕ್ಕ ತಾನು ಎಣಿಸುತ್ತಿತ್ತು. ಅವನು ಉಸಿರೆಳೆದುಕೊಂಡು ಹಾಳೆಯಿಂದ ಕಣ್ಣೆತ್ತಿ, ಅಕ್ಕನ ಮುಖ ನೋಡಿದ. ಕೆನ್ನೆ ಒಳಗೆ ಹೋಗಿತ್ತು, ಹುಬ್ಬು ಬೆಳ್ಳಗಾಗಿದ್ದವು. ಏಳು ವರ್ಷದಲ್ಲಿ ಅಕ್ಕ ಮುದುಕಿಯಾಗಿದ್ದಳು, ಅದು ಅವನಿಗೆ ಗೊತ್ತೇ ಇರಲಿಲ್ಲ. ಆ ಮುಖವನ್ನೇ ನೋಡುತ್ತ ಮೊದಲಿಂದ ಓದತೊಡಗಿದ.